ವ್ಯೂ ಸಾಹೇಬರ ಸಮುದ್ರ

ಆ ಮನೆಗೆ ಯಾರೇ ಹೋಗಲಿ, ಚಪ್ಪಲಿ ಬಿಡುವ ಮೊದಲೇ ಒಂದು ಮಾತು ಕಿವಿಗೆ ಬೀಳುತ್ತಿತ್ತು: "ಕಾಫಿ ಆಮೇಲೆ, ಮೊದಲು ವ್ಯೂ ನೋಡಿ." ಗ್ಯಾಸಿನವನು ಸಿಲಿಂಡರನ್ನು ಹೆಗಲಿನಿಂದ ಇಳಿಸುವ ಮುಂಚೆ ವ್ಯೂ ನೋಡಬೇಕು. ನಲ್ಲಿ ರಿಪೇರಿಗೆ ಬಂದವನು ಒದ್ದೆ ಕೈಯಲ್ಲೇ ಕಿಟಕಿಯ ಹತ್ತಿರ ನಿಂತು "ಚೆನ್ನಾಗಿದೆ ಸಾರ್" ಅನ್ನಬೇಕು. ಅನ್ನದಿದ್ದರೆ ಇನ್ನೊಂದು ಸಲ ನೋಡಬೇಕು. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಮೂಲೆ ಸೇರಿ, ವ್ಯೂ ಸಾಹೇಬರು ಎಂಬುದೇ ಅವರಿಗೆ ಅಂಟಿಕೊಂಡಿತು. ಹಾಗೆ ಕರೆಯುತ್ತಾರೆಂದು ಅವರಿಗೂ ಗೊತ್ತಿತ್ತು, ಬೇಸರವಿರಲಿಲ್ಲ. ಬಿರುದು ಅಂದುಕೊಂಡಿದ್ದರೋ ಏನೋ.

ಪಾಪ, ಅವರ ಹುಚ್ಚಿಗೂ ಒಂದು ಕಾರಣವಿತ್ತು. ಸಾಹೇಬರು ದುಡಿದದ್ದು ಬಂದರಿನ ಉಗ್ರಾಣದಲ್ಲಿ. ಸೇರಿದ ದಿನದಿಂದ ನಿವೃತ್ತಿಯವರೆಗೆ ಒಂದೇ ಕೋಣೆ, ಒಂದೇ ಕುರ್ಚಿ, ಕುರ್ಚಿಯ ಎದುರಿಗೆ ಒಂದು ಗೋಡೆ. ಗೋಡೆಯ ಆಚೆಗೇ ಸಮುದ್ರ. ಹಡಗಿನ ಸೀಟಿ ಕೇಳುತ್ತಿತ್ತು, ಉಪ್ಪುಗಾಳಿ ಬಂದು ಫೈಲುಗಳನ್ನು ಮೆತ್ತಗೆ ಮಾಡುತ್ತಿತ್ತು, ಕಣ್ಣಿಗೆ ಮಾತ್ರ ಸುಣ್ಣ ಬಳಿದ ಗೋಡೆ. "ನಿಮಗೇನಪ್ಪ, ದಿನಾ ಸಮುದ್ರ ನೋಡ್ಕೊಂಡು ಸಂಬಳ ಎಣಿಸ್ತೀರಿ" ಎಂದು ಒಳನಾಡಿನ ನೆಂಟರು ಅಂದಾಗಲೆಲ್ಲ ಮೈ ಉರಿದುಹೋಗುತ್ತಿತ್ತು. ರಿಟೈರಾದ ಮೇಲೆ ಸಮುದ್ರದ ಎದುರಿಗೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ, ಉಸಿರು ಹೋದರೂ ಅದೇ ಕುರ್ಚಿಯಲ್ಲಿ ಹೋಗಲಿ ಎಂದು ಆ ಗೋಡೆಯ ಮುಂದೆಯೇ ಶಪಥ ಮಾಡಿಕೊಂಡಿದ್ದರು. ಅವರು ಜೀವನದಲ್ಲಿ ಬೇಡಿದ್ದು ಇದೊಂದನ್ನೇ.

ಆ ಊರಿನಲ್ಲಿ ಮನುಷ್ಯರನ್ನು ಅಳೆಯುವುದೇ ಸಮುದ್ರದಿಂದ. "ಮನೆ ಎಲ್ಲಿ?" ಅಂದರೆ "ಎಷ್ಟನೇ ಸಾಲು?" ಎಂದೇ ಅರ್ಥ. ಮೊದಲ ಸಾಲಿನವರು ಬೆಳಿಗ್ಗೆ ಬಿಳಿ ಬೂಟು ಹಾಕಿಕೊಂಡು ದಂಡೆಯ ಮೇಲೆ ವಾಕಿಂಗ್ ಹೋಗುತ್ತಾರೆ, ತಮ್ಮ ನಾಯಿಯ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಎರಡನೆಯ ಸಾಲಿನವರು ಮೊದಲ ಸಾಲಿನವರ ನಾಯಿಯನ್ನು ಮಾತಾಡಿಸುತ್ತಾರೆ. ಮೂರನೆಯ ಸಾಲಿನವರಿಗೆ ಇದಕ್ಕೆಲ್ಲ ಪುರುಸೊತ್ತಿಲ್ಲ, ಬಸ್ಸಿಗೆ ಓಡುತ್ತಿರುತ್ತಾರೆ. ಸಾಹೇಬರು ನಿವೃತ್ತಿಯ ದುಡ್ಡೆಲ್ಲ ಸುರಿದು ಫ್ಲಾಟು ಕೊಂಡ ಕಟ್ಟಡ ಮೊದಲ ಸಾಲಿನದು. ಅದರೊಳಗೂ ಮುಂಭಾಗ, ಹಿಂಭಾಗ ಎಂಬ ಜಾತಿ ಇತ್ತು. ಹಿಂಭಾಗದ ಕಿಟಕಿ ತೆರೆದರೆ ಓಣಿ, ಓಣಿಯವರ ನೀರಿನ ಟ್ಯಾಂಕು, ಟ್ಯಾಂಕಿನ ಮೇಲೆ ಕಾಗೆ. ಸಾಹೇಬರದು ಮೂರನೇ ಮಹಡಿ, ಮುಂಭಾಗ. ಹಿಂಭಾಗದವರು ಲಿಫ್ಟಿನಲ್ಲಿ ಒಂಚೂರು ಮುದುಡಿ ನಿಲ್ಲುತ್ತಾರೆ ಎಂದು ಅವರಿಗೆ ಯಾವಾಗಲೂ ಅನ್ನಿಸುತ್ತಿತ್ತು.

ಆದರೆ ಸಮುದ್ರವೇನು ಸುಮ್ಮನೆ ಬರುತ್ತದೆಯೇ? ಉಪ್ಪನ್ನೂ ಕರೆದುಕೊಂಡೇ ಬರುತ್ತದೆ. ವರ್ಷದೊಳಗೆ ಕಿಟಕಿಯ ಸರಳು ತುಕ್ಕು ಹಿಡಿಯಿತು, ಬೀಗದೊಳಗೆ ಕೀಲಿ ತಿರುಗದಾಯಿತು, ಫ್ರಿಜ್ಜಿನ ಕಾಲು ಉದುರಿ ಅದು ವಾಲಿಕೊಂಡು ನಿಂತಿತು. ಅಂದಿನಿಂದ ಸಾಹೇಬರು ಕಿಟಕಿ ತೆರೆಯುವುದನ್ನೇ ನಿಲ್ಲಿಸಿದರು. ಗಾಜು ಮುಚ್ಚಿ, ಫ್ಯಾನು ಹಾಕಿ, ಬೆವರು ಒರೆಸಿಕೊಳ್ಳುತ್ತ ಸಮುದ್ರ ನೋಡುವುದು. ಸಂಜೆಯ ಹೊತ್ತಿಗೆ ಗಾಜಿನ ಮೇಲೆ ಉಪ್ಪಿನ ಪೊರೆ ಕಟ್ಟಿದರೆ ಹಳೇ ಪೇಪರಿನಿಂದ ತಿಕ್ಕಿ ಮತ್ತೆ ನೋಡುವುದು.

"ರೀ, ನಾವು ಸಮುದ್ರ ನೋಡ್ತಿದ್ದೀವೋ, ಸಮುದ್ರಾನೇ ನಮ್ಮನ್ನ ಗಾಜಿನ ಡಬ್ಬೀಲಿಟ್ಟು ನೋಡ್ತಿದೆಯೋ?" ಎಂದು ಹೆಂಡತಿ ಕೇಳಿದರೆ, "ನಿನಗೆ ಟೇಸ್ಟ್ ಇಲ್ಲ" ಅನ್ನುತ್ತಿದ್ದರು.

ಆ ಹೆಂಗಸಿಗೆ ಟೇಸ್ಟ್ ಇತ್ತೋ ಇಲ್ಲವೋ, ಬಾಯಿ ಇತ್ತು, ಮಾತಿಗೆ ಮನುಷ್ಯರು ಬೇಕಿತ್ತು. ಈ ಫ್ಲಾಟಿಗೆ ಬರುವವರೆಗೆ ಇದ್ದದ್ದು ಹಿಂದಿನ ಓಣಿಯ ಬಾಡಿಗೆ ಮನೆಯಲ್ಲಿ. ಅಲ್ಲಿ ಬಾಗಿಲಲ್ಲಿ ನಿಂತರೆ ಅರ್ಧ ಓಣಿಯ ಸಮಾಚಾರ ತಾನಾಗಿ ಬಂದು ಬೀಳುತ್ತಿತ್ತು. ಇಲ್ಲಿ ಎಲ್ಲ ಬಾಗಿಲೂ ಮುಚ್ಚಿಯೇ ಇರುತ್ತವೆ. ಹಾಗಾಗಿ ಬಟ್ಟೆ ಒಣಹಾಕುವ ನೆಪದಲ್ಲಿ ಬಾಲ್ಕನಿಗೆ ಹೋಗಿ, ಕೆಳಗಿನ ದೋಣಿ ಶೆಡ್ಡಿನ ಹೆಂಗಸಿನ ಜೊತೆ ಮಾತಿಗಿಳಿದರು.

ಹೌದು, ಆ ಶೆಡ್ಡು. ಸಾಹೇಬರ ಕಣ್ಣೊಳಗಿನ ಕಸ ಅದೇ. ಕಟ್ಟಡಕ್ಕೂ ಸಮುದ್ರಕ್ಕೂ ನಡುವೆ ಒಂದು ಜಾಗ. ಅಲ್ಲಿ ತಗಡಿನ ಮಾಡು, ಮಗುಚಿ ಹಾಕಿದ ದೋಣಿಗಳು, ಬೆಳಗಾದರೆ ಸುತ್ತಿಗೆಯ ಸದ್ದು, ಕುದಿಯುವ ಡಾಂಬರಿನ ವಾಸನೆ. ಗಂಡ ಸತ್ತ ಮೇಲೆ ದೋಣಿ ರಿಪೇರಿಯ ಆ ಕಸುಬನ್ನು ಒಬ್ಬ ಹೆಂಗಸೇ ನಡೆಸುತ್ತಿದ್ದಳು. ಎಲ್ಲರೂ ಅವಳನ್ನು ದೋಣಿ ಅಕ್ಕ ಅನ್ನುತ್ತಿದ್ದರು. ಅವಳ ಗಂಟಲಿಗೆ ಮೂರು ಮಹಡಿ ಒಂದು ಲೆಕ್ಕವೇ ಅಲ್ಲ. ಕೆಳಗಿನಿಂದ "ತಂಗೀ, ಕಾಲು ನೋವು ಹೇಗಿದೆ?" ಅಂದರೆ ಮೇಲಿನಿಂದ "ಬಗ್ಗೋಕಾಗಲ್ಲ ಅಕ್ಕಾ" ಎಂದು ಉತ್ತರ. ಕಟ್ಟಡದ ಅಷ್ಟೂ ಫ್ಲಾಟಿಗೆ ಸಾಹೇಬರ ಹೆಂಡತಿಯ ಮಂಡಿಯ ಸಮಾಚಾರ ಗೊತ್ತಾಗುತ್ತಿತ್ತು. ಒಂದು ದಿನ ದೋಣಿ ಅಕ್ಕ ಹಳೇ ದೋಣಿಯ ಹಲಗೆಯಿಂದ ಎತ್ತರದ ಒಂದು ಸ್ಟೂಲು ಮಾಡಿಸಿ, ತಾನೇ ಹೊತ್ತುಕೊಂಡು ಮುಂದಿನ ಗೇಟಿನಿಂದ ಬಂದು, ಲಿಫ್ಟು ಹತ್ತಿ, ಕೊಟ್ಟು ಹೋದಳು. ಲಿಫ್ಟಿನಲ್ಲಿ ಡಾಂಬರಿನ ಹೆಜ್ಜೆ ಮೂಡಿತು.

ಸಾಹೇಬರಿಗೆ ಅಷ್ಟು ಸಾಕಾಯಿತು. ಆಗ ಅವರು ಅಸೋಸಿಯೇಷನ್ನಿನ ಅಧ್ಯಕ್ಷರೂ ಆಗಿದ್ದರು. ಬೇರೆ ಯಾರಿಗೂ ಬೇಡವಾದ ಕುರ್ಚಿ, ಇವರಿಗೆ ಸಿಂಹಾಸನ. ಮರುದಿನವೇ ನೋಟಿಸ್ ಬೋರ್ಡಿನಲ್ಲಿ ಕಾಗದ ಬಿತ್ತು: ಶೆಡ್ಡಿನವರು ಮುಂದಿನ ಗೇಟಿನಿಂದ ಬರಕೂಡದು. ಅಲ್ಲಿಗೆ ಬಿಟ್ಟಿದ್ದರೆ ಇವತ್ತು ಈ ಕತೆಯೇ ಇರುತ್ತಿರಲಿಲ್ಲ. ಆದರೆ ಕೆಲವರಿಗೆ ಸುಖವಾಗಿದ್ದರೆ ಮೈ ಕಡಿಯುತ್ತದೆ. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಸಾಹೇಬರು ಹುಡುಕಿ ಹುಡುಕಿ ಕೆಂಪಿರುವೆಯನ್ನೇ ಬಿಟ್ಟುಕೊಂಡರು.

ಶೆಡ್ಡನ್ನೇ ಎಬ್ಬಿಸಬೇಕೆಂದು ಹೊರಟರು. ಆ ಜಾಗ ಯಾರೋ ದೊಡ್ಡ ಕುಳದ್ದು. ದೋಣಿ ಕೆಲಸಕ್ಕೆ ಮೀಸಲು ಎಂದು ನಗರಸಭೆ ಹಿಂದೆಯೇ ಗುರುತು ಹಾಕಿದ್ದರಿಂದ ಅವನೂ ಕೈಕಟ್ಟಿ ಕೂತಿದ್ದ. ಸಾಹೇಬರು ಅದನ್ನೆಲ್ಲ ವಿಚಾರಿಸುವ ಗೋಜಿಗೆ ಹೋಗಲಿಲ್ಲ. ಉಗ್ರಾಣದಲ್ಲಿ ಕಲಿತ ಕಚೇರಿ ಭಾಷೆಯನ್ನೆಲ್ಲ ಬಸಿದು ನಗರಸಭೆಗೆ ಅರ್ಜಿ ಬರೆದರು. ಅದರಲ್ಲಿ ಒಂದು ಸಾಲು ಅವರಿಗೆ ಎಷ್ಟು ಹಿಡಿಸಿತೆಂದರೆ, ಅದನ್ನು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದರು: "ಇದು ವಸತಿ ಪ್ರದೇಶ. ಇಲ್ಲಿ ಮನೆಗಳಿರಬೇಕೇ ಹೊರತು ಬೇರೇನೂ ಇರಕೂಡದು."

"ಆ ಶೆಡ್ಡು ನಿಮಗೇನು ಮಾಡ್ತು? ತಗ್ಗಿನಲ್ಲಿದೆ, ಅದರ ತಲೆ ಮೇಲಿಂದ ನಿಮ್ಮ ಸಮುದ್ರ ಕಾಣಿಸ್ತಾನೇ ಇದೆಯಲ್ಲ" ಎಂದರು ಹೆಂಡತಿ.

"ಪೂರ್ತಿ ಕಾಣಿಸಲ್ಲ. ಅಲೆ ಬಂದು ದಡಕ್ಕೆ ಹೊಡೆಯೋದು ಕಾಣಿಸಲ್ಲ. ನನಗೆ ಅದೂ ಬೇಕು."

"ಅವಳ ಹೊಟ್ಟೆಪಾಡು?"

"ಬೇರೆ ಕಡೆ ಜಾಗ ಕೊಡ್ತಾರೆ. ನೀನು ಸುಮ್ಮನಿರು."

ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದರು. ಜಾಗದ ಮಾಲೀಕ ಒಂದು ಸಲ ಎದುರಾದಾಗ ಎರಡೂ ಕೈ ಹಿಡಿದುಕೊಂಡು, "ನಿಮ್ಮಂಥೋರು ಸಾವಿರ ಜನ ಇರಬೇಕು ಸಾರ್" ಎಂದ. ಸಾಹೇಬರು ಉಬ್ಬಿಹೋದರು. ಅವನಿಗೇಕೆ ಇಷ್ಟು ಸಂತೋಷ ಎಂಬ ಪ್ರಶ್ನೆ ತಲೆಗೆ ಬರಲೇ ಇಲ್ಲ. ಹೊಗಳಿಕೆ ಕೇಳುವಾಗ ತಲೆ ಕೆಲಸ ಮಾಡುವ ಮನುಷ್ಯ ಇನ್ನೂ ಹುಟ್ಟಬೇಕಷ್ಟೆ.

ಕೊನೆಗೂ ಆದೇಶ ಬಂತು. ತಗಡು ಇಳಿಯಿತು, ದೋಣಿಗಳು ಲಾರಿ ಹತ್ತಿದವು. ಊರಾಚೆ, ಹೊಳೆ ಸಮುದ್ರಕ್ಕೆ ಸೇರುವ ಕಡೆ ಜಾಗ ಕೊಟ್ಟಿದ್ದರು. ಹೊರಡುವಾಗ ದೋಣಿ ಅಕ್ಕ ಕತ್ತೆತ್ತಿ, "ತಂಗೀ, ಬಸ್ಸಿದೆ, ಬಾ" ಅಂದಳು. ಬೈಗುಳವಿಲ್ಲ, ಶಾಪವಿಲ್ಲ. ಹೆಂಡತಿ ಬಾಲ್ಕನಿಯಿಂದ ಒಳಗೆ ಬಂದು, ಅವತ್ತು ಗಂಡನಿಗೆ ಅನ್ನ ಬಡಿಸಿದರು, ಮಾತು ಬಡಿಸಲಿಲ್ಲ.

ಸಾಹೇಬರಿಗೆ ಅದರ ಪರಿವೆಯೇ ಇರಲಿಲ್ಲ. ಟೆರೇಸಿನಲ್ಲಿ ಪಾರ್ಟಿ, ಹಿಂಭಾಗದವರಿಗೂ ಆಹ್ವಾನ. ಮೈಕಿಲ್ಲದಿದ್ದರೂ ಮೈಕಿನ ಮುಂದೆ ನಿಂತವರಂತೆ, "ಇನ್ನು ನಮಗೂ ಸಮುದ್ರಕ್ಕೂ ನಡುವೆ ಯಾರೂ ಇಲ್ಲ" ಎಂದರು. ಚಪ್ಪಾಳೆ ಬಿತ್ತು. ಕೆಲವು ತಿಂಗಳು ಹಾಗೇ ಇತ್ತು ಕೂಡ. ಅಲೆ ಬಂದು ದಡಕ್ಕೆ ಹೊಡೆಯುವುದನ್ನು ಸಾಹೇಬರು ಕುರ್ಚಿಯಲ್ಲಿ ಕೂತು ಕಣ್ತುಂಬ ನೋಡಿದರು. ಒಂದು ಸಂಜೆ ಯಾರೂ ಇಲ್ಲದಾಗ ಅತ್ತುಬಿಟ್ಟರು. ಅಷ್ಟು ವರ್ಷದ ಆ ಗೋಡೆ ಆವತ್ತು ಬಿತ್ತು ಎಂದು ಅವರಿಗೆ ಅನ್ನಿಸಿತು. ಅದನ್ನು ನೆನೆದು ನಗುವುದಕ್ಕೆ ನನಗೂ ಮನಸ್ಸು ಬರುವುದಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಆ ಜಾಗದ ಸುತ್ತ ತಗಡಿನ ಬೇಲಿ ಎದ್ದಿತು. ಪಾರ್ಕು ಮಾಡುತ್ತಾರೆ ಎಂದು ಸಾಹೇಬರು ಎಲ್ಲರಿಗೂ ಹೇಳಿದರು. ವಾರ ಕಳೆದು ಬೋರ್ಡು ಬಂತು. ಬೋರ್ಡಿನಲ್ಲಿ ಹನ್ನೆರಡು ಮಹಡಿಯ ಕಟ್ಟಡದ ಬಣ್ಣದ ಚಿತ್ರ. ಕಟ್ಟಡದ ಮುಂದೆ ಸಮುದ್ರ, ಹಿಂದೆ ಬರೀ ಮರಗಳು. ಸಾಹೇಬರ ಕಟ್ಟಡ ಇರಬೇಕಾದ ಕಡೆ ಹಸಿರು ಬಳಿದಿದ್ದರು.

ಸಾಹೇಬರು ವಾಕಿಂಗಿನ ಬೂಟಿನಲ್ಲೇ ನಗರಸಭೆಗೆ ಓಡಿದರು. ಅಲ್ಲಿನ ಅಧಿಕಾರಿ ಟೀ ಲೋಟ ಕೆಳಗಿಡದೆ ಕೇಳಿಸಿಕೊಂಡ. "ಸಾರ್, ಅದು ದೋಣಿ ಕೆಲಸಕ್ಕೆ ಮೀಸಲಿದ್ದ ಜಾಗ. ಅಲ್ಲಿ ಒಂದು ಇಟ್ಟಿಗೆ ಇಡೋಕೂ ಯಾರಿಗೂ ಬಿಡ್ತಿರಲಿಲ್ಲ. ಇದು ವಸತಿ ಪ್ರದೇಶ, ಮನೆಗಳೇ ಇರಬೇಕು ಅಂತ ಹಟ ಹಿಡಿದಿದ್ದು ನೀವು. ಸರಿ ಅಂತ ನಾವೂ ಒಪ್ಪಿದ್ವಿ. ಈಗ ಅಲ್ಲಿ ಮನೆ ಕಟ್ಟಬೇಡಿ ಅಂದ್ರೆ ಹೇಗೆ?"

ಸಾಹೇಬರು ಬಂದ ದಾರಿಯಲ್ಲೇ ಮನೆಗೆ ನಡೆದರು. ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಕಟ್ಟಡ ಏರಿತು. ಮೊದಲು ದಡ ಹೋಯಿತು, ಆಮೇಲೆ ಅಲೆ, ಆಮೇಲೆ ದೂರದ ಹಡಗು. ಸಾಹೇಬರು ಕುರ್ಚಿಯ ಕೆಳಗೆ ಹಲಗೆ ಇಟ್ಟು ನೋಡಿದರು, ಹೆಂಡತಿಯ ಸ್ಟೂಲು ಹತ್ತಿ ನೋಡಿದರು. ಕೊನೆಗೆ ಕಿಟಕಿಯ ತುಂಬ ಉಳಿದದ್ದು ಗಿಲಾವು ಮಾಡಿದ ಒಂದು ಗೋಡೆ. ಅದಕ್ಕೆ ಬಿಳಿ ಬಣ್ಣ ಹೊಡೆದ ದಿನ ಅವರಿಗೆ ಜ್ವರ ಬಂತು. ಉಪ್ಪುಗಾಳಿ ಮಾತ್ರ ಸಂದಿಯಲ್ಲಿ ನುಗ್ಗಿ ಬರುವುದನ್ನು ಬಿಡಲಿಲ್ಲ. ಈಗ ಗ್ಯಾಸಿನವನಿಗೆ ನೇರವಾಗಿ ಕಾಫಿಯೇ ಸಿಗುತ್ತಿತ್ತು. ಹಿಂಭಾಗದವರು ಲಿಫ್ಟಿನಲ್ಲಿ ಕೈಕಾಲು ಚಾಚಿ ನಿಂತು, "ವ್ಯೂ ಹೇಗಿದೆ ಸಾರ್?" ಎಂದು ಕೇಳತೊಡಗಿದರು. ಕೇಳದೆ ಬಿಡುತ್ತಾರೆಯೇ?

ಹೆಂಡತಿ ಇಷ್ಟು ದಿನವೂ ವಾರಕ್ಕೊಮ್ಮೆ ಬಸ್ಸು ಹತ್ತಿ ದೋಣಿ ಅಕ್ಕನ ಹತ್ತಿರ ಹೋಗಿ ಬರುತ್ತಿದ್ದರು. ಒಂದು ಭಾನುವಾರ ಬಾಗಿಲಲ್ಲಿ ನಿಂತು, "ಬನ್ನಿ, ಗೋಡೆ ಎಲ್ಲೂ ಓಡಿಹೋಗಲ್ಲ" ಅಂದರು. ಸಾಹೇಬರು ಎದ್ದು ಹಿಂದೆ ನಡೆದರು.

ಹೊಳೆ ಸೇರುವ ಕಡೆ ಅದೇ ತಗಡು, ಅದೇ ಸುತ್ತಿಗೆಯ ಸದ್ದು. ಮುಂದೆ ಸಮುದ್ರ, ಎಡಕ್ಕೂ ಬಲಕ್ಕೂ ಸಮುದ್ರ, ಗಾಜಿಲ್ಲ. ದೋಣಿ ಅಕ್ಕ ಮಗುಚಿದ ದೋಣಿಯ ಮೇಲೆ ಗೋಣಿ ಹಾಸಿದಳು. "ಕೂತ್ಕೊಳ್ಳಿ ಸಾಹೇಬ್ರೇ, ಡಾಂಬರು ಇನ್ನೂ ಹಸಿ, ಆ ತುದಿಗೆ ಹೋಗ್ಬೇಡಿ." ಸಾಹೇಬರು ಸಮುದ್ರ ನೋಡುವ ಭರದಲ್ಲಿ ಆ ತುದಿಯಲ್ಲೇ ಕೂತರು.

"ನನ್ನ ಮೇಲೆ ಸಿಟ್ಟಿಲ್ವಾ?" ಎಂದು ಕೇಳಿದರು.

"ಇತ್ತು. ಈಗ ಅದಕ್ಕೂ ಪುರುಸೊತ್ತಿಲ್ಲ. ಮತ್ತೆ ಗಂಟುಮೂಟೆ ಕಟ್ಟಬೇಕೇನೋ." ಅವಳು ಹಿಂದಕ್ಕೆ ಕೈ ತೋರಿಸಿದಳು. ರಸ್ತೆಯ ಆಚೆ ಹೊಸ ಕಟ್ಟಡ, ಗಾಜಿನ ಕಿಟಕಿಗಳು. "ಅಲ್ಲಿ ನಿಮ್ಮಂಥೋರೇ ಒಬ್ರು ಬಂದಿದ್ದಾರೆ. ಸದ್ದು, ವಾಸನೆ ಅಂತ ಅರ್ಜಿ ಕೊಡ್ತಾರಂತೆ."

ಸಾಹೇಬರು ತಿರುಗಿ ನೋಡಿದರು. ಮೂರನೇ ಮಹಡಿಯಲ್ಲಿ ಒಬ್ಬ ಬೋಳುತಲೆಯ ಮನುಷ್ಯ ಹಳೇ ಪೇಪರಿನಿಂದ ಗಾಜು ಒರೆಸುತ್ತಿದ್ದ.

"ನಾನು ಹೋಗಿ ಅವರಿಗೆ ಹೇಳ್ತೀನಿ" ಎಂದು ಎದ್ದರು. ಹೇಳುವುದಕ್ಕೇ ಹೊರಟದ್ದು ನಿಜ. ಆ ಕಿಟಕಿಯಿಂದ ಸಮುದ್ರ ಹೇಗೆ ಕಾಣುತ್ತದೆಂದು ನೋಡುವ ಚಪಲವೂ ಇತ್ತು, ಅದನ್ಯಾಕೆ ಮುಚ್ಚಿಡಬೇಕು?

ಗೇಟಿನಲ್ಲಿ ವಾಚ್‌ಮನ್ ಇವರ ಕೆದರಿದ ಕೂದಲು ನೋಡಿದ, ಪ್ಯಾಂಟಿಗೆ ಮೆತ್ತಿದ್ದ ಡಾಂಬರು ನೋಡಿದ, ಕೈ ಅಡ್ಡ ಹಿಡಿದ.

"ಏನಪ್ಪಾ, ಎಲ್ಲಿಗೆ?"

"ಮೂರನೇ ಮಹಡಿಯವರ ಹತ್ರ ಮಾತಾಡಬೇಕು."

"ಶೆಡ್ಡಿನವರು ಮುಂದಿನ ಗೇಟಿಂದ ಬರೋ ಹಾಗಿಲ್ಲ. ಅಸೋಸಿಯೇಷನ್ ರೂಲು."

"ನಾನೂ ಒಂದು ಅಸೋಸಿಯೇಷನ್ನಿನ ಅಧ್ಯಕ್ಷ ಕಣಯ್ಯಾ" ಎಂಬ ಮಾತು ಗಂಟಲಿನವರೆಗೆ ಬಂತು. ಅಷ್ಟರಲ್ಲಿ ವಾಚ್‌ಮನ್ನಿನ ಹಿಂದೆ, ಗೋಡೆಯ ಮೇಲೆ, ತಮ್ಮ ನೋಟಿಸ್ ಬೋರ್ಡಿನ ಅದೇ ಸಾಲು ಕಂಡಿತು. ತಾವು ಬರೆಸಿದ್ದಕ್ಕಿಂತ ದಪ್ಪ ಅಕ್ಷರದಲ್ಲಿತ್ತು. ಸಾಹೇಬರು ಅದನ್ನು ಪೂರ್ತಿ ಓದಿ, ಪ್ಯಾಂಟನ್ನೊಮ್ಮೆ ನೋಡಿಕೊಂಡು, ಹಿಂದಿನ ಗೇಟಿಗೆ ದಾರಿ ಯಾವುದು ಎಂದು ಕೇಳಿದರು.