ಕರವಾನಿಯ ಕಣ್ಣು

ಕಣ್ಣಿಗೆ ಹಾಕಿದ ಔಷಧ ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಕಹಿಯಾಗುತ್ತದೆ, ನಿಮಗೂ ಅನುಭವವಿರಬಹುದು. ಮೊನ್ನೆ ಪೊರೆ ತೋರಿಸಲು ಜಮಖಂಡಿಯ ದವಾಖಾನೆಗೆ ಹೋದಾಗ ನರ್ಸಮ್ಮ ಹನಿ ಹಾಕಿ, "ಕಣ್ಣ ಮುಚ್ಚಿ ಕುಂದರ್ರಿ ಸರ" ಎಂದಳು. ತೆರೆದಾಗ ಕಂಡದ್ದು ಬೆಳಕು ಮತ್ತು ಮಬ್ಬು, ಅಷ್ಟೇ.

ಬನಹಟ್ಟಿಯ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವನು ನಾನು. ಮೊದಮೊದಲ ಪ್ರಾಣಿಗಳಿಗೆ ಕಣ್ಣೆಂದರೆ ಮೈಮೇಲೊಂದು ಚುಕ್ಕೆ, ಬೆಳಕೋ ನೆರಳೋ ತಿಳಿದರೆ ಸಾಕಿತ್ತು. ಚುಕ್ಕೆ ತಗ್ಗಾಗಿ, ತಗ್ಗು ಬಟ್ಟಲಾಗಿ, ಬಟ್ಟಲ ಬಾಯಿಗೆ ಮಸೂರ ಕೂತು ಕಣ್ಣಾಯಿತು ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತಿದ್ದೆ. ಜೀವಿಗಳು ಕೋಟ್ಯಂತರ ವರ್ಷ ಹತ್ತಿದ ಆ ಮೆಟ್ಟಿಲುಗಳನ್ನು ನಾನು ಎರಡೇ ಹನಿಯಲ್ಲಿ ಇಳಿದು ಕೂತಿದ್ದೆ.

ಆಗ ಗಲಗಲಿಯ ಕಾಕಾ ನೆನಪಾದರು, ಅಪ್ಪನ ತಮ್ಮ. ಅವರ ಮನೆಯಲ್ಲೊಂದು ಮುಧೋಳ ನಾಯಿ. ನಮ್ಮ ಕಡೆ ಕರವಾನಿ ಎನ್ನುತ್ತೇವೆ. ಹೊಟ್ಟೆ ಬೆನ್ನಿಗೆ ಹತ್ತಿದ, ಉದ್ದ ಮೂತಿಯ ಹೆಣ್ಣುನಾಯಿ, ಹೆಸರು ಬಿಜಲಿ. "ಊರ ನಾಯಿ ಮೂಗಿನ ಮ್ಯಾಲ ಬದುಕ್ತಾವ, ಇದು ಕಣ್ಣಿನ ಮ್ಯಾಲ" ಎಂದು ಕಾಕಾ ಮೀಸೆ ತಿರುವುತ್ತಿದ್ದರು. ಹೊಲದ ಆ ತುದಿಯಲ್ಲಿ ಅಳಿಲು ಅಲುಗಿದರೂ ಅದಕ್ಕೆ ಕಾಣುತ್ತಿತ್ತು. ನಾನು ಕದಲದೆ ನಿಂತರೆ ಮಾತ್ರ ನನ್ನನ್ನು ಗಿಡವೆಂದು ತಿಳಿದು ದಾಟಿಹೋಗುತ್ತಿತ್ತು. ಓಡುವುದನ್ನು ಹಿಡಿಯಲೆಂದೇ ತಲೆತಲಾಂತರದಿಂದ ತಿದ್ದಿಕೊಂಡು ಬಂದ ಕಣ್ಣು ಅದು. ಮೊಲ ಹೆದರಿದಾಗ ಕಲ್ಲಿನಂತೆ ಕೂಡುವುದೂ ಅದಕ್ಕೇ.

ಕರವಾನಿಯನ್ನು ಬಾಯಿಂದ ಕರೆಯಬಾರದೆಂಬುದು ಕಾಕಾನ ಕಟ್ಟಳೆ. ಬದುವಿನ ಮೇಲೆ ನಿಂತು ತಲೆಯ ಪಟಕಾ ಬಿಚ್ಚಿ ಬೀಸಬೇಕು. ಬಿಜಲಿ ಬಂದು ಕಾಲ ಬಳಿ ನಿಲ್ಲಬೇಕು. ಕೂಗಿ ಕರೆಯುವುದು ಬೀದಿನಾಯಿಗಳನ್ನಂತೆ.

ಮುಪ್ಪಿನಲ್ಲಿ ಬಿಜಲಿಯ ಕಣ್ಣಿಗೆ ಹಾಲಿನ ಬಣ್ಣದ ಪೊರೆ ಬಂತು. ಒಂದು ಸಂಜೆ ಕಾಕಾ ಪಟಕಾ ಬೀಸಿದರು. ಅದು ಬೇರೆಲ್ಲೋ ನೋಡುತ್ತ ನಿಂತಿತು. ಮತ್ತೆ ಬೀಸಿದರು. ಅದು ಮೆಲ್ಲಗೆ ಹೊಳೆಯ ದಂಡೆಯ ಕಡೆ ನಡೆಯಿತು. ಅಲ್ಲಿ ಕೃಷ್ಣೆಯ ದಡ ಕಡಿದಾಗಿತ್ತು.

"ಕರೀರಲ್ಲ, ಹೊಳಿಗೆ ಬೀಳ್ತೈತಿ!" ಎಂದರು ಕಾಕು, ಕಾಕಾನ ಹೆಂಡತಿ.

"ಕರವಾನಿ ಅದು. ನೋಡ್ತೈತಿ ತಡಿ."

"ಅದಕ್ಕ ಕಾಣಂಗಿಲ್ರಿ. ನಿಮಗರೆ ಕಾಣತೈತಿಲ್ಲೋ?"

ಕಾಕಾನ ಕೈ ಕೆಳಗಿಳಿಯಿತು. "ಬಿಜಲೀ... ಬಾರವ್ವಾ!" ಎಂದು ಕೂಗಿದರು. ಬಿಜಲಿಯ ಕಿವಿ ನಿಮಿರಿದವು. ಹೊಲದ ಸಾಲುಗಳಲ್ಲಿ ಮುಗ್ಗರಿಸುತ್ತ ಬಂದು ಅವರ ಮೊಣಕಾಲಿಗೆ ಮೂತಿ ಒತ್ತಿತು. ಕಾಕಾ ಅದರ ಕೊರಳು ತಬ್ಬಿ ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಕೆಲಸವಿರಲಿ ಬಿಡಲಿ, ಅವರು ದಿನವಿಡೀ ಬಿಜಲಿಯನ್ನು ಕೂಗುವುದು ಊರಿಗೆಲ್ಲ ಕೇಳುತ್ತಿತ್ತು.

ಪರೀಕ್ಷೆ ಮುಗಿಯಿತು. ಜೊತೆಗೆ ಬಂದಿದ್ದ ಹೆಂಡತಿ, "ಔಷಧ ತರ್ತೀನಿ, ಇಲ್ಲೇ ನಿಂದರ್ರಿ" ಎಂದಳು. "ನನಗ ಎಲ್ಲಾ ಕಾಣ್ತೈತಿ, ಹೋಗ" ಎಂದೆ. ಮೇಷ್ಟ್ರ ಜಂಬ ಸುಟ್ಟರೂ ಹೋಗದು. ಅವಳ ಹಿಂದೆಯೇ ಬೀದಿಗಿಳಿದೆ. ಬಿಸಿಲು ಕಣ್ಣಿಗೆ ನುಗ್ಗಿತು. ಹಿಂದೆ ಮುಂದೆ ಹಾರ್ನುಗಳು. ಯಾವ ಕಡೆ ಕಾಲಿಡುವುದೋ ತಿಳಿಯದೆ ನಿಜವಾಗಿಯೂ ಹೆದರಿದೆ. ನಮ್ಮಲ್ಲಿ ಹೆಂಡತಿಯ ಹೆಸರನ್ನು ಬೀದಿಯಲ್ಲಿ ಕೂಗುವ ರೂಢಿಯಿಲ್ಲ. ಮದುವೆಯಾದಾಗಿನಿಂದ ನಾನು "ಏ, ಇಲ್ನೋಡ" ಎಂದೇ ಸಂಸಾರ ಮಾಡಿದವನು.

"ಕಸ್ತೂರೀ!" ಎಂದು ಕೂಗಿದೆ.

ಮಂದಿಯೆಲ್ಲ ತಿರುಗಿ ನೋಡಿರಬೇಕು, ನನಗಂತೂ ಕಾಣಲಿಲ್ಲ. "ಇಲ್ಲೇ ಅದೀನ್ರಿ, ಮೆಲ್ಲಕ ಕರೀರಿ" ಎಂಬ ನಾಚಿದ ದನಿಯ ಹಿಂದೆಯೇ ಅವಳ ಕೈ ನನ್ನ ಕೈ ಹಿಡಿಯಿತು.

ಆಟೋ ಊರು ದಾಟಿತು. ಆಮೇಲೆ, "ಇನ್ನೊಮ್ಮೆ ಕರೀರಿ ನೋಡೂಣು" ಎಂದಳು.