ಅರವತ್ನಾಲ್ಕು ಎಂಬಿ ಕಾರ್ಡು, ಆಲೆಮರದ ಬುಷ್ಷು

ಒಸಿ ತಡೀರಿ. ಹಳೇ ಗ್ರಾಫಿಕ್ಸ್ ಕಾರ್ಡು ಅಂದೇಟ್ಗೆ ಮುಂದಕ್ಕೆ ಹೋಗ್ಬುಡ್ಬೇಡಿ. ನಂಬರ್‌ಗಳು ಬತ್ತವೆ, ಸುಳ್ಳು ಹೇಳಲ್ಲ. ಆದ್ರೆ ಅವುಗಳ ಹಿಂದೆ ಒಬ್ರು ಬತ್ತಾರೆ, ಅವ್ರು ಬರೋಗಂಟ ಕಾಯ್ರಿ.

ಹೋದ ವಾರ ನಮ್ಮಕ್ಕನ ಮಗಳು ತನ್ನ ಮರದ ಗಿಲಕಿನ ನನ್ನ ಕಂಪ್ಯೂಟ್ರು ಹಿಂದ್ಗಡೆ, ಬಿಸಿಗಾಳಿ ಬರೋ ಜಾಗದಲ್ಲಿ ಸಿಗಿಸ್ಬುಟ್ಟು ಹೋಗಿದ್ಲು. ನಾನು ನೋಡ್ನಿಲ್ಲ. ಅರ್ಧ ಗಂಟೆ ಆದ್ಮೇಲೆ ಒಂದು ವಾಸ್ನೆ ಬಂತು... ಬಿಸಿ ಆದ ಅರಗಿನ ವಾಸ್ನೆ. ನಮ್ಮ ಚನ್ನಪಟ್ಟಣದ ಗೊಂಬೆಗೆ ಬಣ್ಣ ಅಂದ್ರೆ ಅರಗೇ ತಾನೆ, ಹಂಗಾಗಿ ಊರೋರ್ಗೆಲ್ಲ ಅದು ಗೊಂಬೆ ವಾಸ್ನೆ. ನಂಗೊಬ್ಬನಿಗೆ ಮಾತ್ರ ಅದು ಗ್ರಾಫಿಕ್ಸ್ ಕಾರ್ಡ್ ವಾಸ್ನೆ. ಕೈ ಕೀಬೋರ್ಡ್ ಮೇಲೇ ನಿಂತೋಯ್ತು.

ಅವ್ರನ್ನ ನಾವೆಲ್ಲ ಡ್ರಾಯಿಂಗ್ ಅಣ್ಣ ಅಂತಿದ್ವಿ. ಗೊಂಬೆ ಮಾಡೋರ ಬೀದೀಲಿ ಅವ್ರದ್ದೊಂದು ರೂಮು, ಗೋಡೆ ಆಚೆಗೆ ಗೊಂಬೆ ತಿರುವೋ ಲೇತುಗಳು ಬೆಳಿಗ್ಗೆಯಿಂದ ಗುಂಯ್ ಅಂತಿದ್ವು. ಬಿಡದಿ ಕಡೆ ಫ್ಯಾಕ್ಟ್ರಿಗಳು ಒಂದರ ಹಿಂದೊಂದು ಎದ್ದ ಕಾಲ ಅದು. ಡಿಪ್ಲೊಮಾ ಮಾಡಿದ್ದ ಅಣ್ಣನೂ ಒಂದು ಫ್ಯಾಕ್ಟ್ರೀಲಿ ಡ್ರಾಯಿಂಗ್ ಸೆಕ್ಷನ್ ಸೇರಿದ್ರು. ಕರ್ಕೊಂಡೋಗೋಕೆ ಬಸ್ಸು, ಹಾಕ್ಕೊಳೋಕೆ ಯೂನಿಫಾರಂ, ತಿನ್ನೋಕೆ ಕ್ಯಾಂಟೀನು. ಅದನ್ನೆಲ್ಲ ಬುಟ್ಟು ಎರಡೇ ವರ್ಷಕ್ಕೆ ತಮ್ಮ ಬೀದಿಗೆ ವಾಪಸ್ ಬಂದ್ಬುಟ್ರು. ಯಾಕಂದ್ರೆ ಗೊಂಬೆ ಕೊಳ್ಳೋ ದೊಡ್ಡ ಕಂಪ್ನಿಗಳು ಆಗ ಹೊಸ ರಾಗ ತೆಗೆದಿದ್ವು. ಗೊಂಬೆ ಆಮೇಲೆ, ಮೊದ್ಲು ಡ್ರಾಯಿಂಗ್ ಕೊಡಿ, ಅಳತೆ ಕೊಡಿ, ಮಗು ಬಾಯಿಗಾಕ್ಕೊಂಡು ಎಳುದ್ರೂ ಕಿತ್ಕೊಂಡ್ ಬರಲ್ಲ ಅಂತ ಡ್ರಾಯಿಂಗಲ್ಲೇ ಸೀಳಿ ತೋರ್ಸಿ ಅಂತ. ನಮ್ಮ ಬೀದಿಯೋರೋ, ತಾತನ ಕಾಲದಿಂದ ಕಣ್ಣಲ್ಲೇ ಅಳೆದು, ಬೆರಳಲ್ಲೇ ಸವರಿ ನೋಡಿ ಮಾಡೋರು. ಕಾಗದ ಎಲ್ಲಿಂದ ತರ್ಬೇಕು?

"ಕಾಗದ ಇಲ್ದೋನ ಗೊಂಬೇನ ಪ್ಲಾಸ್ಟಿಕ್ ತಿಂದಾಕ್ಬುಡ್ತದೆ ಕಣ್ಲಾ" ಅಂತಿದ್ರು ಅಣ್ಣ. ಅದಕ್ಕೇ ಬಂದು ಕೂತಿದ್ರು.

ಬೆಂಗ್ಳೂರಲ್ಲಿ ಯಾವ್ದೋ ಆಫೀಸ್‌ನೋರು ಬಿಸಾಕಿದ್ದ ವರ್ಕ್‌ಸ್ಟೇಷನ್ ತಂದು ಇಟ್ಕೊಂಡಿದ್ರು. ಅದ್ರೊಳಗೆ ಇತ್ತು ಆ ಕಾರ್ಡು. ನಾನಾಗ ರಾಮನಗರದಲ್ಲಿ ಬಿ.ಕಾಂ. ಓದ್ತಿದ್ದೆ, ಕಂಪ್ಯೂಟ್ರು ಮಾತ್ರ ಯಾರೂ ಹೇಳ್ಕೊಡ್ನಿಲ್ಲ, ಮ್ಯಾಗಜೀನ್ ಓದಿ, ಬಿಚ್ಚಿ, ಸುಟ್ಟು, ಮತ್ತೆ ಬಿಚ್ಚಿ ಕಲ್ತಿದ್ದು. ಯಾವ ಕಾರ್ಡಿಗೆ ಎಷ್ಟು ಮೆಮೊರಿ ಅಂತ ಕೇಳುದ್ರೆ ನಿದ್ದೇಲೂ ಹೇಳ್ತಿದ್ದೆ. ಮೊದಲ್ನೇ ದಿನ ಅಣ್ಣನ ಕ್ಯಾಬಿನೆಟ್ ಬಿಚ್ಚಿ ನೋಡಿ ನಕ್ಬುಟ್ಟೆ. ಅರವತ್ನಾಲ್ಕು ಎಂಬಿ ಮೆಮೊರಿ. ಕಾರ್ಡು ಸಿಗಿಸೋದು ಎಜಿಪಿ ಸ್ಲಾಟು, ಅದೂ ನಾಕು ಎಕ್ಸು ಸ್ಪೀಡು. ನಮ್ಮ ಹುಡುಗ್ರು ಆಟ ಆಡೋಕೆ ಇನ್ನೂರೈವತ್ತಾರು ಎಂಬಿ, ಎಂಟು ಎಕ್ಸು ಹಾಕ್ಸಿದ್ರು. ಅಣ್ಣಾ, ಇದನ್ನ ತಿಪ್ಪೆಗೆ ಹಾಕಿ ಅಂದೆ.

ಅಣ್ಣ ಬಯ್ನಿಲ್ಲ. ನಿನ್ ಕಾರ್ಡು ತಗೊಂಬಾ, ನೋಡುವ ಅಂದ್ರು. ಮಾರ್ನೇ ದಿನ ಫ್ರೆಂಡ್ ಒಬ್ಬಂದು ಕೇಳಿ ತಂದು ಹಾಕ್ದೆ. ಅಣ್ಣ ಸ್ಕ್ರೀನ್ ಮೇಲೆ ಒಂದು ಗೊಂಬೆ ತೆಗುದ್ರು, ಬಳೆ ಥರ ಒಂದರ ಮೇಲೊಂದು ಕೂರೋ ಏಳು ಮರದ ಉಂಗುರ, ನಡುವೆ ಒಂದು ಕಡ್ಡಿ. ಬಣ್ಣ ಇಲ್ಲ, ಬರೀ ಗೆರೆ. ಸಾವಿರಾರು ಗೆರೆ. ಅದನ್ನ ಹಂಗೇ ತಿರುಗ್ಸಿ, ನಡುವೆ ಸೀಳಿ ಒಳಗಡೆ ತೋರ್ಸು ಅಂದ್ರು. ನನ್ನ ಹೊಸ ಕಾರ್ಡು ಎತ್ತಿನ ಗಾಡಿ ಏರು ಹತ್ತಿದಂಗೆ ಹತ್ತಿತು. ಗೆರೆ ಎಲ್ಲ ಗರಗಸದ ಹಲ್ಲು. ಸೀಳೋಕೆ ಹೋದ್ರೆ ನಿಂತೇ ಹೋಯ್ತು. ಹಳೇದನ್ನ ವಾಪಸ್ ಹಾಕುದ್ರು ನೋಡಿ... ಉಂಗುರ ನೀರಲ್ಲಿ ತೇಲ್ದಂಗೆ ತಿರುಗ್ತು. ಗೆರೆ ಒಂದೊಂದೂ ರೇಷ್ಮೆ ಎಳೆ.

ಆಮೇಲೆ ಕೂರ್ಸ್ಕೊಂಡು ಹೇಳುದ್ರು. ನಿಂದು ಇನ್ನೂರೈವತ್ತಾರು ಎಂಬಿ, ಸರಿ. ಆದ್ರೆ ಮೆಮೊರಿಗೆ ಹೋಗೋ ದಾರಿ ಅರವತ್ನಾಲ್ಕು ಬಿಟ್ ಅಗಲ. ನಂದು ನೂರಿಪ್ಪತ್ತೆಂಟು. ಕಣಜ ಎಷ್ಟು ದೊಡ್ಡದಾದ್ರೆ ಏನು, ಬಾಗ್ಲು ಮೊರದಗಲ ಇದ್ರೆ? ಗೆರೆ ನಯ ಮಾಡೋ ಕೆಲ್ಸನ ಈ ಕಾರ್ಡು ತನ್ನ ಚಿಪ್‌ನಲ್ಲೇ ಮಾಡ್ತದೆ, ನಿಂದು ಪ್ರೊಸೆಸರ್ ತಲೆ ಮೇಲೆ ಹಾಕ್ತದೆ. ಸೀಳಿ ತೋರ್ಸೋದೂ ಹಂಗೇ. ಎರಡು ಮಾನಿಟರ್ ಹಾಕು, ಒಂದ್ರಲ್ಲಿ ಗೊಂಬೆ, ಇನ್ನೊಂದ್ರಲ್ಲಿ ಅಳತೆ, ಎರಡೂ ಅಲ್ಲಾಡಲ್ಲ. ಬಿಸಿ? ಕೆಲ್ಸ ಜೋರಾದ್ರೆ ಎಪ್ಪತ್ತು ಡಿಗ್ರಿ ಗಂಟ ಹೋಗ್ತದೆ, ಅದಕ್ಕೇ ತಲೆ ಮೇಲೆ ಪುಟ್ಟ ಫ್ಯಾನು. ನಾನು ಒಂದು ನೋಟ್‌ಬುಕ್ಕಲ್ಲಿ ಎಲ್ಲಾ ಬರ್ಕೊಂಡೆ. ಅವತ್ತಿಂದ ದಿನಾ ಟ್ರೈನ್ ಇಳಿದು ಅವ್ರ ರೂಮಿಗೇ ಹೋಗ್ತಿದ್ದೆ. ಕಾರ್ಡು ಅಂದ್ರೆ ನಂಬರ್ ಅಲ್ಲ, ಯಾವ ಕೆಲ್ಸಕ್ಕೆ ಅನ್ನೋದು ಅಂತ ಕಲ್ಸಿದ್ದು ಆವಯ್ಯನೇ.

ಹಿಂಗಿರುವಾಗ ಒಂದು ದೊಡ್ಡ ಕಂಪ್ನಿ ಆ ಉಂಗುರದ ಗೊಂಬೆ ಕೇಳ್ತು. ಗುರುವಾರ ಅವ್ರ ಇಂಜಿನಿಯರ್ ಮೇಡಂ ಬತ್ತಾರೆ, ಸ್ಕ್ರೀನ್ ಮೇಲೆ ಸೀಳಿ ನೋಡ್ತಾರೆ, ಆಮೇಲೆ ಹೇಳಿದ ಅಳತೇಗೆ ಬೀದಿಯೋರು ಮಾಡ್ತಾರಾ ಅಂತ ನೋಡ್ತಾರೆ. ಒಪ್ಪುದ್ರೆ ಬೀದೀಲಿರೋ ಅಷ್ಟೂ ಲೇತಿಗೆ ವರ್ಷದ ಕೆಲ್ಸ. ಒಪ್ದೇ ಹೋದ್ರೆ ಅದೇ ಗೊಂಬೆ ಪ್ಲಾಸ್ಟಿಕ್ ಅಚ್ಚಿಗೆ ಹೋಗ್ತದೆ. ಆಗ್ಲೇ ನಾಕು ಲೇತು ನಿಂತಿದ್ವು. ಅದನ್ನ ನಡೆಸ್ತಿದ್ದೋರು ಬಿಡದಿಗೆ ಸೆಕ್ಯೂರಿಟಿ ಕೆಲ್ಸಕ್ಕೆ ಹೋಗ್ತಿದ್ರು.

ಮಂಗಳವಾರ ಕಾರ್ಡಿನ ಫ್ಯಾನು ಕಿರ್ರ್ ಅಂತು. ಬಿಚ್ಚಿ ನೋಡುದ್ರೆ ಒಳಗಿನ ಹಿತ್ತಾಳೆ ಬುಷ್ಷು, ಫ್ಯಾನಿನ ಕಡ್ಡಿ ಕೂತು ತಿರುಗೋ ಪುಟ್ಟ ಬಳೆ, ಸವೆದೋಗಿ ಫ್ಯಾನು ತಲೆ ಅಲ್ಲಾಡಿಸ್ತಿತ್ತು. ಬೆಂಗ್ಳೂರಿಗೆ ಹೋಗಿ ಅಂಗಡಿ ಅಂಗಡಿ ಹುಡುಕ್ದೆ, ಆ ಸೈಜಿಂದು ಸಿಗ್ನಿಲ್ಲ. ಬರಿಗೈಲಿ ಬಂದೆ. ಅಣ್ಣ ಯೋಚ್ನೆ ಮಾಡಿ, ಒಂದು ಹಾಳೇಲಿ ಆ ಬುಷ್ಷಿನ ಚಿತ್ರ ಬರ್ದು ಅಳತೆ ಹಾಕಿ, ಪಕ್ಕದ ಲೇತಿನ ಚಾಚಾ ತಾವ ಹೋದ್ರು. ಬೀದೀಲಿ ಅವ್ರಿಗಿಂತ ಸಣ್ಣ ಕೆಲ್ಸ ಮಾಡೋರು ಯಾರೂ ಇರ್ನಿಲ್ಲ, ಅಕ್ಕಿ ಕಾಳಷ್ಟು ಬುಗುರಿ ತಿರುವಿ ಕೊಡೋರು. ತೂತು ಎರಡು ಮಿಲ್ಲಿಮೀಟರ್‌ಗಿಂತ ಕೂದ್ಲೆಳೆ ಜಾಸ್ತಿ ಬೇಕು ಚಾಚಾ ಅಂದ್ರು ಅಣ್ಣ.

"ಯಾರ್ ಕೂದ್ಲು ಇಂಜಿನಿಯರ್ ಸಾಬ್? ನಿಮ್ ತಲೇಲಂತೂ ಅಳತೆಗೂ ಒಂದು ಉಳಿದಿಲ್ಲ" ಅಂದ್ರು ಚಾಚಾ.

ಬುಧವಾರ ಸಂಜೆ ಅಣ್ಣ ಅತ್ತಿಗೇನ ಕರ್ಕೊಂಡು ದೊಡ್ಡಮಳೂರಿನ ದೇವಸ್ಥಾನಕ್ಕೆ ಹೋಗಿದ್ರು, ಅತ್ತಿಗೆ ಹರಕೆ ಇತ್ತು. ಬುಷ್ಷು ಬಂದ್ರೆ ನೀನೇ ಕೂರ್ಸು, ನೋಡ್ಕೊಂಡು ಕೂರ್ಸು ಅಂತ ಹೇಳಿದ್ರು. ಚಾಚಾ ತಂದುಕೊಟ್ರು. ಆಲೆಮರದ್ದು, ನಮ್ಮೋರು ಗೊಂಬೆ ಮಾಡೋದೂ ಅದೇ ಮರದಲ್ಲಿ. ಮೆಣಸಿನ ಕಾಳಿಗಿಂತ ಒಸಿ ದೊಡ್ಡದು. ಮೇಲೆ ಕೆಂಪು ಅರಗು ಹಾಕಿ, ತಾಳೆಗರೀಲಿ ಉಜ್ಜಿ, ಕನ್ನಡಿ ಹಂಗೆ ಹೊಳೀತಿತ್ತು. ತೂತಿನ ಬಾಯಿ ಅಂಚಿಗೂ ಬಳಿದಿದ್ರು. ಇದಕ್ಯಾಕೆ ಚಾಚಾ ಬಣ್ಣ ಅಂದೆ. "ಬಣ್ಣ ಇಲ್ದೆ ನನ್ ಕೈಯಿಂದ ಏನೂ ಆಚೆ ಹೋಗಿಲ್ಲ ಬೇಟಾ. ಬರೀ ಮೈಯಲ್ಲಿ ಕಳ್ಸೋದಾ?" ಅಂದ್ರು.

ಇಲ್ಲಿ ನಾನು ಒಂದು ಮಾತು ಹೇಳ್ಬೇಕು. ಅರಗು ಬಿಸಿಗೆ ಕರಗ್ತದೆ ಅಂತ ಆ ಬೀದೀಲಿ ಅಂಬೆಗಾಲಿಡೋ ಮಗೂಗೂ ಗೊತ್ತು, ತಿರುಗೋ ಮರಕ್ಕೆ ಒತ್ತಿ, ಆ ಬಿಸಿಗೇ ತಾನೇ ಬಣ್ಣ ಹತ್ತೋದು. ಕಾರ್ಡು ಎಪ್ಪತ್ತು ಡಿಗ್ರಿ ಹೋಗ್ತದೆ ಅಂತ ನನ್ನ ನೋಟ್‌ಬುಕ್ಕಲ್ಲೇ ಇತ್ತು. ಒಂದು ಗಳಿಗೆ ಮನಸ್ಸಿಗೆ ಬಂತು... ನಿಜ್ವಾಗ್ಲೂ ಬಂತು. ಕೆರೆದ್ಬುಡ್ಲಾ ಅನ್ನಿಸ್ತು. ಆದ್ರೆ ಆ ಕೆಂಪು ಹೊಳಪು ಎಷ್ಟು ಚೆಂದ ಇತ್ತು ಅಂದ್ರೆ ಹಂಗೇ ಕೂರ್ಸ್ಬುಟ್ಟೆ. ಐದು ನಿಮಿಷ ಓಡ್ಸಿ ನೋಡ್ದೆ, ಸದ್ದೇ ಇಲ್ಲ. ಗೆದ್ದೆ ಅನ್ಕೊಂಡೆ.

ಗುರುವಾರ ಮೇಡಂ ಬಂದ್ರು. ಅಣ್ಣ ಇಸ್ತ್ರಿ ಹಾಕಿದ ಶರ್ಟಲ್ಲಿ ಕೂತು ಉಂಗುರ ತಿರುಗ್ಸಿ, ಸೀಳಿ, ಕಡ್ಡಿ ಬುಡದಲ್ಲಿ ಹೆಂಗೆ ಕಚ್ಚಿ ಹಿಡ್ಕೊಂಡೈತೆ ಅಂತ ತೋರಿಸ್ತಿದ್ರು. ಬಾಗ್ಲಲ್ಲಿ ಬೀದಿಯೋರೆಲ್ಲ ನಿಂತಿದ್ರು, ಚಾಚಾ ಮುಂದೆ. ಇಪ್ಪತ್ತು ನಿಮಿಷ ಚೆನ್ನಾಗೇ ನಡೀತು. ಆಮೇಲೆ ಸ್ಕ್ರೀನ್ ತುಂಬ ಹಸಿರು ಚುಕ್ಕೆ ಎದ್ವು, ಗೆರೆ ತುಂಡು ತುಂಡಾದ್ವು, ಉಂಗುರ ಅರ್ಧಕ್ಕೆ ನಿಂತೋಯ್ತು. ಆಗ ಬಂತು ಆ ವಾಸ್ನೆ.

ಅಣ್ಣ ಪವರ್ ತೆಗೆದು, ಮೇಡಂ ಎದ್ರಿಗೇ ಕ್ಯಾಬಿನೆಟ್ ಬಿಚ್ಚುದ್ರು. ಅರಗು ಕರಗಿ, ಫ್ಯಾನ್ ತಲೆ ಬುಷ್ಷಿಗೆ ಅಂಟ್ಕೊಂಡಿತ್ತು. ಚಾಚಾ ಮುಖ ನೋಡೋಕಾಗ್ನಿಲ್ಲ, ತಮ್ಮ ಕೈಯನ್ನೇ ಯಾರದೋ ಕೈ ಅನ್ನೋ ಹಂಗೆ ನೋಡ್ಕೊಂಡು ನಿಂತ್ಬುಟ್ಟಿದ್ರು. ಮೇಡಂ ಜೋರು ಮಾಡ್ನಿಲ್ಲ, ಆ ಕೆಂಪು ಬುಷ್ಷು ನೋಡಿ, ಪಕ್ಕದಲ್ಲಿದ್ದ ಅದ್ರ ಡ್ರಾಯಿಂಗ್ ಹಾಳೆ ನೋಡಿ ಕೇಳುದ್ರು, ಇದು ಯಾರ ತಪ್ಪು ಅಂತ. ಅಳತೆ ಕೊಟ್ರೂ ನಿಮ್ಮೋರು ತಮ್ಮಿಷ್ಟಕ್ಕೆ ಮಾಡ್ತಾರೆ ಅಂತ ಬರ್ಕೊಳೋದಾ ಅಂತ.

ಕೂರಿಸ್ದೋನು ನಾನು. ಅರಗು ನೋಡಿದ್ದೋನು ನಾನು. ಮೇಡಂಗೆ ಎರಡೇ ಹೆಜ್ಜೆ ದೂರದಲ್ಲಿದ್ದೆ, ಆದ್ರೂ ನಾನೇ ಅಂತ ಹೇಳ್ನಿಲ್ಲ.

"ತಪ್ಪು ಡ್ರಾಯಿಂಗ್‌ದು ಮೇಡಂ, ಡ್ರಾಯಿಂಗ್ ನಂದು" ಅಂದ್ರು ಅಣ್ಣ. "ಅಳತೆ ಎಲ್ಲಾ ಬರ್ದೆ, ಬಣ್ಣ ಬೇಡ ಅಂತ ಬರೀಲಿಲ್ಲ. ನಾನು ಬರೀದೇ ಇದ್ದಿದ್ದಕ್ಕೆ ಮಾಡ್ದೋರು ಹೊಣೆ ಅಲ್ಲ."

ಅದೇ ಹಾಳೆ ತಗೊಂಡು, ಕೆಳಗೆ ಪೆನ್ನಲ್ಲಿ ಬರುದ್ರು: ಅರಗು ಬೇಡ, ಬರೀ ಮರ, ಎಣ್ಣೇಲಿ ನೆನೆಸೋದು. ಚಾಚಾ ಕೈಗೆ ಕೊಟ್ರು. ಅವ್ರು ಹಾಳೆ ಹಿಡ್ಕೊಂಡು ಲೇತಿಗೆ ಹೋದ್ರು. ಮೇಡಂ ಎದ್ದು ಅವ್ರ ಹಿಂದೇ ಹೋಗಿ ಪಕ್ಕದಲ್ಲೇ ನಿಂತ್ಕೊಂಡ್ರು. ಚಾಚಾ ಒಂದರ ಹಿಂದೊಂದು ಮೂರು ಬುಷ್ಷು ತಿರುವುದ್ರು. ಮೇಡಂ ಬ್ಯಾಗಿಂದ ವರ್ನಿಯರ್ ಕ್ಯಾಲಿಪರ್ ತೆಗೆದು ಮೂರನ್ನೂ ಅಳೆದ್ರು. ಆಮೇಲೆ ಹಾಳೆ ನೋಡುದ್ರು. ಆಮೇಲೆ ಇನ್ನೊಂದ್ಸಲ ಅಳೆದ್ರು. ಮೂರಕ್ಕೂ ಮೂರೂ ಒಂದೇ.

ಫ್ಯಾನು ತಿರುಗ್ತು, ಉಂಗುರ ತಿರುಗ್ತು. ಪೂರ್ತಿ ಆರ್ಡರ್ ಕೊಡ್ನಿಲ್ಲ ಮೇಡಂ, ಒಂದು ಕಂತು ಮಾಡಿ ತೋರ್ಸಿ ಅಂದ್ರು. ಅಷ್ಟು ಸಾಕಾಯ್ತು. ಮೂರು ತಿಂಗಳಿಗೆ ಪೂರ್ತಿ ಬಂತು, ಸೆಕ್ಯೂರಿಟಿ ಕೆಲ್ಸಕ್ಕೆ ಹೋಗಿದ್ದೋರಲ್ಲಿ ಇಬ್ರು ವಾಪಸ್ ಬಂದ್ರು. ಅಣ್ಣ ಆಮೇಲಿಂದ ಯಾವ ಡ್ರಾಯಿಂಗ್ ಬರುದ್ರೂ, ಏನು ಮಾಡ್ಬೇಕು ಅನ್ನೋದ್ರ ಕೆಳಗೆ ಏನು ಮಾಡ್ಬಾರ್ದು ಅಂತಾನೂ ಬರೀತಿದ್ರು. ಇಂಥಾ ಕೆಲ್ಸಗಾರನ್ನ ನಾನು ಇನ್ನೊಬ್ರನ್ನ ನೋಡಿಲ್ಲ. ಎಷ್ಟೋ ದೊಡ್ಡ ಆಫೀಸಿಗೆ ಹೋಗಿ ಕಂಪ್ಯೂಟ್ರು ಹಾಕಿ ಬಂದಿದ್ದೀನಿ... ಎಲ್ಲೂ ನೋಡಿಲ್ಲ.

ನಾನು ರಾಮನಗರದಲ್ಲಿ ಸಣ್ಣ ಅಂಗಡಿ ಇಟ್ಟೆ, ಹೋಗಿ ಬರೋದು ಕಮ್ಮಿ ಆಯ್ತು. ಹೋದಾಗೆಲ್ಲ ಅವತ್ತಿಂದು ಹೇಳ್ಬೇಕು ಅನ್ಕೊತಿದ್ದೆ. ಅಣ್ಣ ಯಾವ್ದೋ ಹೊಸ ಕಾರ್ಡ್ ಬಗ್ಗೆ ಕೇಳೋರು, ನಾನು ಅದ್ರ ಲೆಕ್ಕ ಶುರು ಮಾಡ್ತಿದ್ದೆ, ಹೊತ್ತು ಹೋಗ್ತಿತ್ತು. ಒಂದಿನ ಅತ್ತಿಗೆ ಫೋನ್ ಮಾಡುದ್ರು. ಅಣ್ಣ ಹೋಗಿ ಎರಡು ದಿನ ಆಗಿತ್ತು. ಎದೆನೋವಂತೆ, ಕುರ್ಚೀಲಿ ಕೂತಿದ್ದಂಗೇ. ಮಣ್ಣಿಗೂ ನಾನಿರ್ನಿಲ್ಲ. ಮನೆಗೆ ಹೋಗಿ ಅತ್ತಿಗೆ ಕೊಟ್ಟ ಕಾಫಿ ಕುಡ್ದೆ, ಅವ್ರಿಗಾದ್ರೂ ಹೇಳುವ ಅಂತ ಬಾಯಿ ತೆರ್ದೆ, ಕಾಫಿ ಚೆನ್ನಾಗೈತೆ ಅಂದು ಎದ್ಬಂದೆ.

ಈಗ ಹೇಳ್ತಿದ್ದೀನಿ. ಬುಷ್ಷು ಕೂರಿಸ್ದೋನು ನಾನು ಅಂತ ಅಣ್ಣಂಗೆ ಗೊತ್ತಿತ್ತು, ಒಂದಿನನೂ ಕೇಳ್ನಿಲ್ಲ. ಕರಗ್ತದೆ ಅಂತ ನಂಗೆ ಮುಂಚೇನೇ ಹೊಳೆದಿತ್ತು ಅನ್ನೋದು ಗೊತ್ತಿರ್ನಿಲ್ಲ. ಅದನ್ನ ಅವ್ರು ಗೊತ್ತಿಲ್ದೇನೇ ತಮ್ಮ ಮೇಲೆ ಹಾಕ್ಕೊಂಡ್ರು, ಚಾಚಾನೂ ಉಳುದ್ರು, ಬೀದಿನೂ ಉಳೀತು, ನಾನೂ ಉಳ್ಕೊಂಡೆ.

ನಿಮ್ಮ ತಪ್ಪನ್ನ ಹಿಂಗೆ ಸದ್ದಿಲ್ದೆ ಹೊತ್ಕೊಂಡೋರು ನಿಮಗೂ ಯಾರಾದ್ರೂ ಸಿಕ್ಕಿದ್ರೆ ಕೆಳಗೆ ಬರೀರಿ, ನಾನು ಒಂದೊಂದೂ ಓದ್ತೀನಿ. ಆದ್ರೆ ಅವ್ರು ಇನ್ನೂ ಇದ್ರೆ, ಇಲ್ಲಿ ಬರೆಯೋಕೆ ಮುಂಚೆ ಅವ್ರ ಮನೆ ತಾವ ಒಂದ್ಸಲ ಹೋಗ್ಬನ್ನಿ.