ಚೆಲ್ಲುವ ಕೈ

ಬೀದಿಯ ಜನಕ್ಕೆಲ್ಲ ಅವಳು ಹೊಗೆಯಮ್ಮ. ಸಂಜೆಯಾದರೆ ಹೆಗಲಿಗೆ ಯಂತ್ರ ನೇತುಹಾಕಿಕೊಂಡು ಚರಂಡಿಯುದ್ದಕ್ಕೂ ಸೊಳ್ಳೆಗೆ ಹೊಗೆ ಬಿಡುತ್ತಾ ಹೋಗುವವಳಿಗೆ ಇನ್ನೇನು ಹೆಸರಿಡುತ್ತಾರೆ ಹೇಳಿ! ಬೆಳಗಿನ ಹೊತ್ತು ಮನೆಮನೆ ತಿರುಗುವ ಕೆಲಸ. ಡ್ರಮ್ಮು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಹಳೇ ಟೈರು, ಎಲ್ಲಿ ನೀರು ನಿಂತಿದೆಯೋ ಅಲ್ಲಿ ಬಗ್ಗಿ ನೋಡಬೇಕು. ಸೊಳ್ಳೆಮರಿ ಕುಣಿಯುವುದು ಕಂಡಿತೋ, ಮಾತಿಲ್ಲ ಕತೆಯಿಲ್ಲ, ಚೆಲ್ಲಬೇಕು. ಗುತ್ತಿಗೆದಾರ ಕಲಿಸಿದ್ದು ಅಷ್ಟೇ. ವರ್ಷಗಟ್ಟಲೆ ಅದನ್ನೇ ಮಾಡಿ ಮಾಡಿ ಅವಳ ಕೈ ಕಣ್ಣಿಗಿಂತ ಚುರುಕಾಗಿತ್ತು.

ಮನೆಯಲ್ಲೂ ಆ ಕೈ ಸುಮ್ಮನಿರುತ್ತಿರಲಿಲ್ಲ. ಗಂಡ ಲಾರಿ ಓಡಿಸಿಕೊಂಡು ಊರೂರು ಅಲೆಯುವವನು, ಮನೆಯಲ್ಲಿ ಇರುತ್ತಿದ್ದದ್ದು ಇವಳು ಮತ್ತು ಅತ್ತೆ. ನಲ್ಲಿ ಯಾವಾಗ ಕೈಕೊಡುತ್ತದೋ ಎಂದು ಅತ್ತೆ ಬಚ್ಚಲಿನ ಡ್ರಮ್ಮಿನಲ್ಲಿ ನೀರು ತುಂಬಿಡುವುದು, ಸೊಸೆ ಬಂದು ಬಗ್ಗಿ ನೋಡಿ ಅದನ್ನು ಬೋರಲು ಹಾಕುವುದು, ಸದಾ ಇದೇ ಜಗಳ.

"ಅಯ್ಯೋ ಹಾಳಾದೋಳೇ, ಮೊನ್ನೆಯಷ್ಟೇ ತುಂಬಿಸಿದ್ನಲ್ಲೇ!"

"ಮರಿ ಬಿದ್ದಿದೆ ಅತ್ತೆ."

"ಬಿದ್ರೆ ಬೀಳಲಿ! ನೀನೇನು ಸರ್ಕಾರಿ ಇನ್‌ಸ್ಪೆಕ್ಟರಾ?"

ಅತ್ತೆ ಬಾಯಿಗೆ ಬಂದದ್ದು ಆಡಿದರು, ಅಷ್ಟೇ. ಆದರೆ ಆ ಮಾತು ಸೊಸೆಯ ಎದೆಗೆ ನಾಟಿತು. ಏಕೆಂದರೆ ಗುತ್ತಿಗೆ ಕೆಲಸದ ಹಣೆಬರಹ ಹೀಗಿತ್ತು: ಸೊಳ್ಳೆ ಇದ್ದಷ್ಟು ದಿನ ಕೂಲಿ. ಸೊಳ್ಳೆ ಕಡಿಮೆಯಾದ ಕೂಡಲೇ "ನಾಳೆಯಿಂದ ಬರಬೇಡಿ." ಒಳ್ಳೆ ಕೆಲಸ ಮಾಡಿದಷ್ಟೂ ಬೇಗ ಮನೆಗೆ ಕಳಿಸುವ ಕೆಲಸ ಪ್ರಪಂಚದಲ್ಲಿ ಇನ್ನೊಂದಿದೆಯಾ? ಆರೋಗ್ಯ ಇಲಾಖೆಯ ಸೊಳ್ಳೆ ಇನ್‌ಸ್ಪೆಕ್ಟರುಗಳಿಗೆ ಮಾತ್ರ ವರ್ಷಪೂರ್ತಿ ಕೆಲಸ, ತಿಂಗಳ ಸಂಬಳ. ಆ ಕೆಲಸ ಬೇಕೆಂದು ಅವಳು ಪಟ್ಟು ಹಿಡಿದಳು.

ಇಲಾಖೆಯ ಕಚೇರಿಯ ಗಾಜಿನ ಬೋರ್ಡನ್ನು ಅವಳು ಆಗಾಗ ಹೋಗಿ ನೋಡಿಬರುತ್ತಿದ್ದಳು. ಅದರಲ್ಲಿ ಎಂದೋ ಅಂಟಿಸಿದ ಹಾಳೆಗಳು ಹಳದಿಯಾಗಿ ಕೂತಿದ್ದವು. ಕೊನೆಗೆ ಬಾಗಿಲ ಕಾವಲುಗಾರನೇ ಕನಿಕರಪಟ್ಟು, "ಅಮ್ಮಾ, ಈ ಬೋರ್ಡು ನೋಡ್ತಾ ಕೂತ್ರೆ ನಿಮಗೆ ಪಿಂಚಣಿ ವಯಸ್ಸಾಗುತ್ತೆ. ಈಗೆಲ್ಲ ವೆಬ್‌ಸೈಟಲ್ಲೇ" ಎಂದ. ಅವಳು ಅಲ್ಲಿಂದ ನೆಟ್ಟಗೆ ಕಂಪ್ಯೂಟರ್ ಅಂಗಡಿಗೆ ನಡೆದಳು.

ಅಂಗಡಿಯವನು ಹುಡುಕಿ ತೆಗೆದ. ಇನ್‌ಸ್ಪೆಕ್ಟರ್ ಹುದ್ದೆಗೆ ಅರ್ಜಿ ಕರೆದಿದ್ದರು. ವಯೋಮಿತಿ ನೋಡಿದರೆ ಅವಳಿಗೆ ಇದೇ ಕೊನೆಯ ಅವಕಾಶ.

"ಕೆಳಗೆ ಇನ್ನೊಂದಿದೆ ಅಕ್ಕ, ಇಂಟರ್ನ್‌ಶಿಪ್ಪು. ಒಂದು ವರ್ಷ ತರಬೇತಿ, ಕೈಖರ್ಚಿಗೆ ಒಂದಿಷ್ಟು ಕೊಡ್ತಾರೆ. ವಯಸ್ಸಿನ ಮಿತಿ ಇಲ್ಲ. ಮುಗಿಸಿದವರಿಗೆ ಮುಂದಿನ ನೇಮಕಾತೀಲಿ ವಯಸ್ಸಿನ ಸಡಿಲಿಕೆ ಅಂತ ಬರೆದಿದಾರೆ."

"ಈ ನರೆಗೂದಲು ಇಟ್ಕೊಂಡು ಇಂಟರ್ನಾ? ನೋಡ್ದೋರು ನಗ್ತಾರಪ್ಪ."

"ನಗೋರು ಸಂಬಳ ಕೊಡ್ತಾರಾ?"

ಅದೂ ಸರಿಯೇ. "ಎರಡಕ್ಕೂ ಹಾಕು" ಎಂದಳು. ಫೋಟೋ ದೊಡ್ಡದಾಯಿತು ಎಂದಿತು ವೆಬ್‌ಸೈಟು. ಚಿಕ್ಕದು ಮಾಡಿದರೆ ಸಹಿ ಕಾಣುತ್ತಿಲ್ಲ ಎಂದಿತು. ಸಹಿ ಸರಿಮಾಡುವಷ್ಟರಲ್ಲಿ ಸರ್ವರ್ರೇ ಮಲಗಿತು. ಹೊಗೆಯಮ್ಮ ಪ್ಲಾಸ್ಟಿಕ್ ಸ್ಟೂಲು ಎಳೆದುಕೊಂಡು ಕೂತಳು. ಅರ್ಜಿ ಹೋಗುವವರೆಗೂ ಜಪ್ಪಯ್ಯ ಅಂದರೂ ಮೇಲೇಳಲಿಲ್ಲ.

ಲಿಖಿತ ಪರೀಕ್ಷೆಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದಳು, ಪಾಸಾದಳು. ಉಳಿದದ್ದು ಕೈಕೆಲಸದ ಪರೀಕ್ಷೆ. ಇಲಾಖೆಯ ಹಿತ್ತಲಲ್ಲಿ ಬೆಂಚುಗಳ ಮೇಲೆ ಬಿಳಿ ಟ್ರೇಗಳು, ಟ್ರೇಗಳಲ್ಲಿ ನೀರು. ಪ್ರತಿಯೊಂದನ್ನೂ ನೋಡಿ ಯಾವ ಜಾತಿಯ ಮರಿ, ಎಷ್ಟಿವೆ ಎಂದು ಬರೆಯಬೇಕು. ಮೊದಲ ಟ್ರೇಯಲ್ಲಿ ಬರೀ ಕಸ. ಹಾಗೆಂದೇ ಬರೆದಳು. ಎರಡನೆಯದರಲ್ಲಿ ಮರಿಗಳು ತಲೆಕೆಳಗಾಗಿ ತೂಗಾಡುತ್ತಿದ್ದವು.

ಕಂಡದ್ದೇ ತಡ, ಅವಳ ಕೈ ಟ್ರೇಯನ್ನು ಎತ್ತಿ ಬೋರಲು ಹಾಕಿಬಿಟ್ಟಿತ್ತು!

"ಅಮ್ಮಾ, ಏನ್ರೀ ಮಾಡಿದ್ರಿ!" ಪರೀಕ್ಷೆ ನಡೆಸುತ್ತಿದ್ದ ಅಧಿಕಾರಿ ಓಡಿಬಂದ. "ಅದು ಪರೀಕ್ಷೆಗಿಟ್ಟ ನೀರು! ವಾರದಿಂದ ಸಾಕಿದ್ದೀವಿ ಆ ಮರಿಗಳನ್ನ!"

ಸುತ್ತಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸೀರೆಯ ನೆರಿಗೆಯೆಲ್ಲ ಒದ್ದೆ, ಕಾಲ ಬಳಿ ಮರಿಗಳು ಮಣ್ಣಲ್ಲಿ ಒದ್ದಾಡುತ್ತಿವೆ. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಖಾಲಿ ಟ್ರೇಯನ್ನು ಬೆಂಚಿನ ಮೇಲಿಟ್ಟು ಅಧಿಕಾರಿಯತ್ತ ತಿರುಗಿದಳು.

"ಸರ್, ಉಳಿದಿದ್ದನ್ನ ನೋಡಬಹುದಾ?"

"ನೋಡಿ. ಆದ್ರೆ ಇದಕ್ಕೆ ಸೊನ್ನೆ ಹಾಕ್ಲೇಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ."

ಆ ಸೊನ್ನೆಯೇ ಅವಳನ್ನು ಮುಳುಗಿಸಿತು. ಕೂದಲೆಳೆಯಲ್ಲಿ ಕೆಲಸ ತಪ್ಪಿತು, ವಯಸ್ಸೂ ಮೀರಿತು. ಬಚ್ಚಲಲ್ಲಿ ಕೂತು ನಲ್ಲಿ ಬಿಟ್ಟುಕೊಂಡು ಅತ್ತಳು. ಹೊರಗಿನಿಂದ ಅತ್ತೆ ಬಾಗಿಲು ಬಡಿದು, "ನೀರು ಹಾಳು ಮಾಡ್ಬೇಡ, ಹೊರಗೆ ಬಂದು ಅಳು. ಆ ಇನ್ನೊಂದು ಅರ್ಜಿ ಏನಾಯ್ತು?" ಎಂದರು.

ಇನ್ನೊಂದು ಅರ್ಜಿ ಅವಳ ಕೈಬಿಡಲಿಲ್ಲ. ಕಾಲೇಜು ಮುಗಿಸಿ ಬಂದ ಹುಡುಗಿಯರ ನಡುವೆ ಹೊಗೆಯಮ್ಮ ಇಂಟರ್ನ್ ಆದಳು. ಮೊದಲ ದಿನ ಅವರೆಲ್ಲ ಅವಳನ್ನೇ ಟೀಚರ್ ಎಂದುಕೊಂಡು ಎದ್ದು ನಿಂತರು. "ಕೂತ್ಕೊಳ್ರಮ್ಮ, ನಾನೂ ನಿಮ್ಮ ಕ್ಲಾಸೇ" ಎಂದು ಹಿಂದಿನ ಬೆಂಚಿಗೆ ಹೋದಳು. ವರ್ಷವಿಡೀ ಅವಳು ಕಲಿತದ್ದು ಮುಖ್ಯವಾಗಿ ಒಂದನ್ನು: ಚೆಲ್ಲದೆ ನಿಲ್ಲುವುದನ್ನು. ಮರಿ ಎಲ್ಲಿ ಹುಟ್ಟಿತು, ಯಾವ ಜಾತಿ, ಎಷ್ಟು ಮನೆಯಲ್ಲಿದೆ ಎಂದು ಮೊದಲು ಬರೆದಿಟ್ಟರೆ ಮಾತ್ರ ಜ್ವರ ಮುಂದೆ ಯಾವ ಬೀದಿಗೆ ಬರುತ್ತದೆ ಎಂದು ಗೊತ್ತಾಗುವುದು. ಸುಮ್ಮನೆ ಚೆಲ್ಲಿ ನಡೆದರೆ ಆ ಮನೆಯೊಂದು ಉಳಿದೀತು, ಬೀದಿ ಉಳಿಯುವುದಿಲ್ಲ. ಗುತ್ತಿಗೆದಾರ ಇದನ್ನು ಒಂದು ದಿನವಾದರೂ ಹೇಳಿದ್ದನಾ? ನೆನೆದಾಗಲೆಲ್ಲ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ತರಬೇತಿ ಮುಗಿದು ಮತ್ತೆ ಅರ್ಜಿ ಕರೆದರು. ವಯಸ್ಸಿನ ಸಡಿಲಿಕೆ ಸಿಕ್ಕಿತು. ಮತ್ತೆ ಅದೇ ಹಿತ್ತಲು, ಅದೇ ಬಿಳಿ ಟ್ರೇಗಳು, ಅದೇ ಅಧಿಕಾರಿ. ಅವಳನ್ನು ಕಂಡವನೇ ಟ್ರೇಗಳ ಪಕ್ಕಕ್ಕೆ ಬಂದು ನಿಂತ. ಹೊಗೆಯಮ್ಮ ಎಡಗೈಗೆ ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಲಗೈಯಲ್ಲಿ ಪೆನ್ನು. ಮರಿಗಳು ಕುಣಿದವು, ಬೆರಳುಗಳು ತುರಿಸಿದವು, ಅವಳು ಬರೆದಳು. ಒಂದೊಂದನ್ನೂ ನೋಡಿ, ಎಣಿಸಿ, ಮತ್ತೊಮ್ಮೆ ಎಣಿಸಿ ಬರೆದಳು.

ಹಾಳೆ ಒಪ್ಪಿಸಿ ಹೊರಟವಳು ತಡೆಯಲಾಗದೆ ಹಿಂದಿರುಗಿದಳು.

"ಸರ್, ಎಲ್ಲರದೂ ಮುಗಿದ ಮೇಲೆ... ಚೆಲ್ತೀರಿ ತಾನೇ?"

"ನೀವೇ ಚೆಲ್ಲಿ ಹೋಗಿಯಮ್ಮ" ಎಂದು ಅಧಿಕಾರಿ ಗಟ್ಟಿಯಾಗಿ ನಕ್ಕ. ಕೊನೆಯವನು ಬರೆದು ಮುಗಿಸುವವರೆಗೂ ಕಾದಿದ್ದು, ಎಲ್ಲ ಟ್ರೇಗಳನ್ನೂ ಬೋರಲು ಹಾಕಿಯೇ ಅವಳು ಮನೆಗೆ ಹೋದದ್ದು.

ಆಯ್ಕೆಯ ಪಟ್ಟಿಯಲ್ಲಿ ತನ್ನ ಹೆಸರು ಕಂಡ ದಿನ ಕಂಪ್ಯೂಟರ್ ಅಂಗಡಿಯಿಂದಲೇ ಅತ್ತೆಗೆ ಫೋನು ಮಾಡಿದಳು. "ಹೂಂ, ಸರಿ, ಬಾ" ಎಂದಷ್ಟೇ ಹೇಳಿ ಅತ್ತೆ ಫೋನಿಟ್ಟರು. ಇಷ್ಟೇನಾ ಎಂದು ಮುಖ ಸಣ್ಣಗೆ ಮಾಡಿಕೊಂಡು ಮನೆಗೆ ಬಂದರೆ, ಬಚ್ಚಲಿನ ಡ್ರಮ್ಮು ಅಂಗಳದ ಬಿಸಿಲಲ್ಲಿ ಬೋರಲಾಗಿ ಮಲಗಿದೆ. ತಿಕ್ಕಿ ತಿಕ್ಕಿ ಫಳಫಳ ಅನ್ನುತ್ತಿದೆ. ಪಕ್ಕದಲ್ಲಿ ಅತ್ತೆ, ಸೊಂಟಕ್ಕೆ ಸೆರಗು ಬಿಗಿದು, ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದರು.

"ಸರ್ಕಾರಿ ಇನ್‌ಸ್ಪೆಕ್ಟರು ಬರ್ತಾರೆ ಅಂತ ಗೊತ್ತಾಯ್ತು. ಅದಕ್ಕೇ ನಾನೇ ಚೆಲ್ಲಿಟ್ಟೆ" ಎಂದರು. "ಬಗ್ಗಿ ನೋಡ್ಕೋ, ಬೇಕಾದ್ರೆ ಬರ್ಕೋ."